ಆಟದ ನಡುವೆ ಪಿಂಗ್ ಏರುತ್ತಿದ್ದರೆ ಮೊದಲು ಇದನ್ನು ನೋಡಿ

ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬಂದರೂ ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಏರಿದರೆ ಆಟ ತಡವರಿಸಬಹುದು. ಪ್ಲಾನ್ ಬದಲಿಸುವ ಮುಂಚೆ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆದು, ಒಂದರಲ್ಲಿ ರೂಟರ್ ವಿಳಾಸಕ್ಕೆ, ಹೆಚ್ಚಾಗಿ ಅದು 192.168.1.1, ಇನ್ನೊಂದರಲ್ಲಿ ಗೂಗಲ್‌ನ ಸರ್ವರ್ ಆದ 8.8.8.8ಕ್ಕೆ ನಿಲ್ಲದ ಪಿಂಗ್ (ping -t) ಕೊಟ್ಟು ಹತ್ತು ನಿಮಿಷ ಬಿಡಿ.

ರೂಟರ್‌ ಪಿಂಗೇ 2–3 ಮಿಲಿಸೆಕೆಂಡಿನಿಂದ 100ಕ್ಕೆ ಜಿಗಿದರೆ ತೊಂದರೆ ವೈಫೈಯದು. 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬನ್ನಿ. ನಡುವೆ ಎರಡು ಗೋಡೆಗಳಿದ್ದರೆ ಅದೂ ಸಾಲದು, ರೂಟರಿನಿಂದ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಎಳೆಯುವುದೇ ವಾಸಿ.

8.8.8.8 ಮಾತ್ರ ಏರುತ್ತಿದ್ದರೆ, ಮನೆಯಲ್ಲಿ ಯಾರದೋ ಫೋನ್ ಫೋಟೊ ಬ್ಯಾಕಪ್ ಮಾಡುತ್ತಿದೆಯೇ ನೋಡಿ. ಅಪ್‌ಲೋಡ್ ತುಂಬಿದಾಗ ಆಟದ ಪ್ಯಾಕೆಟ್‌ಗಳು ರೂಟರಿನಲ್ಲೇ ಸರದಿ ಕಾಯುತ್ತವೆ. ರೂಟರಿನಲ್ಲಿ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕೆಂದು ನಿಗದಿಪಡಿಸುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಮ್ಮ ನಿಜವಾದ ವೇಗದ ಶೇ. 85–90ಕ್ಕೆ ಇಳಿಸಿ. ಬ್ಯಾಕಪ್ ನಿಲ್ಲಿಸಿದರೂ ಏರಿಳಿತ ಹೋಗದಿದ್ದರೆ ಎರಡೂ ಕಿಟಕಿಗಳ ಸ್ಕ್ರೀನ್‌ಶಾಟ್ ಹಚ್ಚಿಯೇ ಇಂಟರ್ನೆಟ್ ಕಂಪನಿಗೆ ದೂರು ಕೊಡಿ.