ಒಹಾಯೋದಿಂದ ಸೆನೆಟ್‌ಗೆ ಮಾಡಿದ ಕರೆಗಳು: ನನ್ನ ಅನುಭವ

2017ರ ಬೇಸಿಗೆಯಲ್ಲಿ ನಮ್ಮ ಕಾರ್ಖಾನೆಯ ಒಂದು ಲೈನ್ ಮೆಕ್ಸಿಕೋಗೆ ಹೋಯಿತು. ತಯಾರಾದ ಭಾಗಗಳ ಅಳತೆ ನೋಡುವ ಅದರ ಗೇಜುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ತುಂಬಿದವನು ನಾನೇ. ಒಂಬತ್ತು ವರ್ಷ ದಿನವೂ ಕೈಯಲ್ಲಿ ಹಿಡಿದಿದ್ದ ಗೇಜುಗಳು. ಯಾವುದರ ಮೂಲೆ ಎಲ್ಲಿ ಸವೆದಿದೆ ಎಂಬುದು ಬೆರಳಿಗೇ ಗೊತ್ತಿತ್ತು. ಮುಚ್ಚಳದ ಮೇಲೆ ಸ್ಪ್ಯಾನಿಷ್ ಚೀಟಿ ಅಂಟಿಸಿ ಮೊಳೆ ಹೊಡೆದೆವು. ಹುಟ್ಟಿದ್ದು ಹರಿಹರ, ಕೆಲಸ ಕಲಿತದ್ದು ಪೀಣ್ಯದ ಟೂಲ್‌ರೂಮು, ಅನ್ನ ಕೊಟ್ಟದ್ದು ಒಹಾಯೋದ ಈ ಕಾರ್ಖಾನೆ. ಆ ಪೆಟ್ಟಿಗೆಯನ್ನು ಮರೆಯಲು ನನಗೆ ಆಗಲಿಲ್ಲ.

ಹಾಗಾಗಿ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವ್ಯಾಪಾರ ಪ್ರತಿನಿಧಿ ಹುದ್ದೆಗೆ ಬೈಡನ್ ಅವರು ಕ್ಯಾಥರೀನ್ ಟೈ ಅವರನ್ನು ಆರಿಸಿದಾಗ, ಕಾರ್ಮಿಕ ಯೂನಿಯನ್‌ಗಳ ಒಕ್ಕೂಟವಾದ ಎಎಫ್‌ಎಲ್-ಸಿಐಒ ಬೆಂಬಲ ಘೋಷಿಸಿದಾಗ, ನಮ್ಮ ಯೂನಿಯನ್ ಘಟಕದಲ್ಲಿ ಕರೆ ಮಾಡಿಸುವ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದೆ. ಈ ನೇಮಕಕ್ಕೆ ಸೆನೆಟ್‌ನ ಒಪ್ಪಿಗೆ ಬೇಕು, ಹಾಗಾಗಿ ಕರೆಗಳು ನಮ್ಮ ಸೆನೆಟರ್‌ಗಳಿಗೆ. ಟೈ ಅವರು ಸಂಸತ್ತಿನ ಕೆಳಮನೆಯ ವೇಸ್ ಆ್ಯಂಡ್ ಮೀನ್ಸ್ ಸಮಿತಿಯಲ್ಲಿ ವ್ಯಾಪಾರ ವಿಷಯದ ಮುಖ್ಯ ವಕೀಲರಾಗಿದ್ದವರು. 2019ರಲ್ಲಿ ಅಮೆರಿಕ, ಮೆಕ್ಸಿಕೋ, ಕೆನಡಾಗಳ ವ್ಯಾಪಾರ ಒಪ್ಪಂದವಾದ ಯುಎಸ್‌ಎಂಸಿಎಗೆ ಕಾರ್ಮಿಕರ ಪರವಾದ ತಿದ್ದುಪಡಿಗಳನ್ನು ಸೇರಿಸುವ ಮಾತುಕತೆಯಲ್ಲಿ ಅವರ ಪಾಲು ದೊಡ್ಡದು.

ಆ ತಿದ್ದುಪಡಿಗಳಲ್ಲಿ ನನಗೆ ಮುಖ್ಯವಾದದ್ದು ತ್ವರಿತ ಸ್ಪಂದನ ವ್ಯವಸ್ಥೆ. ಈ ಮೂರು ದೇಶಗಳ ಹಿಂದಿನ ಒಪ್ಪಂದವಾದ 1994ರ ನಾಫ್ಟಾದಲ್ಲಿ ಕಾರ್ಮಿಕರ ಮಾತು ಒಂದು ಪಕ್ಕದ ಒಪ್ಪಂದದಲ್ಲಿತ್ತು. ಯೂನಿಯನ್ ಕಟ್ಟುವ ಹಕ್ಕನ್ನು ತುಳಿದರೆ ಮಂತ್ರಿಗಳ ಸಮಾಲೋಚನೆಗಿಂತ ಮುಂದೆ ಏನೂ ಆಗುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಒಂದೇ ಒಂದು ಕಾರ್ಖಾನೆಯ ಮೇಲೆ ದೂರು ಕೊಡಬಹುದು. ತಪ್ಪು ಸಾಬೀತಾದರೆ ಆ ಕಾರ್ಖಾನೆಯ ಸರಕಿಗೆ ಸಿಗುವ ಸುಂಕದ ರಿಯಾಯಿತಿಯನ್ನೇ ಕಿತ್ತುಕೊಳ್ಳಬಹುದು. ಆದರೆ ದೂರನ್ನು ಮುಂದಕ್ಕೆ ಒಯ್ಯಬೇಕಾದದ್ದು ಸರ್ಕಾರ. ಕುರ್ಚಿಯಲ್ಲಿ ಕುಳಿತವರಿಗೆ ಮನಸ್ಸಿಲ್ಲದಿದ್ದರೆ ಕಾಗದ ಕಾಗದವಾಗಿಯೇ ಉಳಿಯುತ್ತದೆ. ಅದಕ್ಕೇ ಈ ನೇಮಕ ನಮಗೆ ಅಷ್ಟು ಬೇಕಾಗಿತ್ತು.

ಮೊದಲ ವಾರ ನಾವು ತಪ್ಪು ಮಾಡಿದೆವು. ಟೈ ಅವರು ಓದಿದ್ದು ಯೇಲ್, ಹಾರ್ವರ್ಡ್, ಮ್ಯಾಂಡರಿನ್ ಬಲ್ಲವರು, ಅನುಭವಿಗಳು ಎಂದು ಒಂದು ಪುಟ ಬರೆದು ಎಲ್ಲರಿಗೂ ಹಂಚಿದೆ. ಸೆನೆಟರ್ ಕಚೇರಿಯಲ್ಲಿ ಫೋನ್ ಎತ್ತಿದ ಹುಡುಗಿ ನನ್ನ ಓದು ಮುಗಿಯುವುದನ್ನು ತಾಳ್ಮೆಯಿಂದ ಕೇಳಿ, ಅಂಚೆ ಸಂಖ್ಯೆ ಬರೆದುಕೊಂಡು, ಧನ್ಯವಾದ ಹೇಳಿ ಇಟ್ಟಳು. ನಾನು ಹೇಳಿದ್ದೆಲ್ಲ ಅವರ ಕಡತದಲ್ಲಿ ಆಗಲೇ ಇತ್ತು.

ಆ ಪುಟವನ್ನು ಎತ್ತಿಟ್ಟೆ. ಬದಲಿಗೆ ಪ್ರತಿಯೊಬ್ಬರೂ ತಮ್ಮದೇ ಮೂರು ಮಾತು ಬರೆದುಕೊಳ್ಳಲಿ ಎಂದೆ: ನಾನು ಏನು ತಯಾರಿಸುತ್ತೇನೆ, ಏನು ಕಳೆದುಕೊಂಡೆ, ವಿಚಾರಣೆಯ ದಿನ ಸೆನೆಟರ್ ಏನು ಕೇಳಬೇಕು. ಮುಂದಿನ ಕರೆಯಲ್ಲಿ ನಾನು ಗೇಜಿನ ಪೆಟ್ಟಿಗೆಯ ಕಥೆ ಹೇಳಿದೆ. ಆ ಕಡೆ ಟೈಪ್ ಮಾಡುವ ಸದ್ದು ನಿಂತಿತು. 'ಯಾವ ವರ್ಷ?' ಎಂದು ಕೇಳಿದಳು, ಆಮೇಲೆ 'ಎಷ್ಟು ಜನ?' ಎಂದಳು.

ಒಹಾಯೋದ ಇಬ್ಬರೂ ಸೆನೆಟರ್‌ಗಳು ಆಗ ಹಣಕಾಸು ಸಮಿತಿಯಲ್ಲಿದ್ದರು. ನೇಮಕದ ವಿಚಾರಣೆ ನಡೆಯುವುದೇ ಅಲ್ಲಿ. ಇಬ್ಬರಲ್ಲಿ ಡೆಮಾಕ್ರಟಿಕ್ ಪಕ್ಷದ ಶೆರಡ್ ಬ್ರೌನ್ ಅವರಿಗೆ ನಾವು ಒತ್ತಾಯ ಮಾಡಬೇಕಾದದ್ದೇನೂ ಇರಲಿಲ್ಲ. ತ್ವರಿತ ಸ್ಪಂದನದ ಮೂಲ ಪ್ರಸ್ತಾವವೇ ಅವರದು ಮತ್ತು ಒರೆಗಾನ್‌ನ ಸೆನೆಟರ್ ರಾನ್ ವೈಡನ್ ಅವರದು. ನಮ್ಮ ಕರೆಗಳು ಹೆಚ್ಚಾಗಿ ಹೋದದ್ದು ರಿಪಬ್ಲಿಕನ್ ಪಕ್ಷದ ರಾಬ್ ಪೋರ್ಟ್‌ಮನ್ ಅವರ ಕಚೇರಿಗೆ. 2005–06ರಲ್ಲಿ ಅವರು ಇದೇ ಹುದ್ದೆಯಲ್ಲಿದ್ದವರು, ಕೆಲಸದ ಒಳಹೊರಗು ಬಲ್ಲವರು. ಫೆಬ್ರವರಿ ಎರಡನೇ ವಾರ ಟ್ರಂಪ್ ವಿರುದ್ಧದ ಮಹಾಭಿಯೋಗದ ನಡುವೆ ವಾಷಿಂಗ್ಟನ್‌ಗೆ ಫೋನ್ ಸಿಗುವುದೇ ಕಷ್ಟವಾದಾಗ ಕ್ಲೀವ್‌ಲ್ಯಾಂಡ್ ಕಚೇರಿಗೆ ಮಾಡಿದೆವು. ಅಲ್ಲಿ ಮನುಷ್ಯರು ಸಿಗುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮವರನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. ಪ್ರೆಸ್ ವಿಭಾಗದ ಹಿರಿಯರೊಬ್ಬರು, 'ಮೆಕ್ಸಿಕೋದವರ ಯೂನಿಯನ್ನಿಗಾಗಿ ನಾನೇಕೆ ಫೋನ್ ಮಾಡಲಿ?' ಎಂದು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿ ಎಷ್ಟೋ ಕಾರ್ಖಾನೆಗಳಲ್ಲಿ ಕಾರ್ಮಿಕರು ಕಣ್ಣಿಂದಲೂ ನೋಡದ ವೇತನ ಒಪ್ಪಂದಕ್ಕೆ ಅವರ ಹೆಸರಿನಲ್ಲಿ ಯಾರೋ ಸಹಿ ಹಾಕಿರುತ್ತಾರೆ, ಆ ಸಹಿ ಇರುವವರೆಗೂ ನಮ್ಮ ಲೈನ್‌ಗಳು ಆ ಕಡೆಗೇ ಸರಿಯುತ್ತವೆ ಎಂದೆ. ಊಟದ ಬಿಡುವಿನಲ್ಲಿ ಇಷ್ಟು ಹೇಳಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಅವರು ಸಂಬಳದ ಚೀಟಿಯ ಹಿಂಭಾಗದಲ್ಲಿ ತಮ್ಮ ಮೂರು ಮಾತು ಬರೆದು ತಂದರು.

ಫೆಬ್ರವರಿ 25ರ ವಿಚಾರಣೆಯನ್ನು ರಾತ್ರಿಪಾಳಿ ಮುಗಿಸಿ ಬಂದು ನೋಡಿದೆ. ಮುಂದುವರಿದ ದೇಶಗಳ ನಡುವಿನ ಒಪ್ಪಂದದ ಗುರಿ ಸುಂಕವನ್ನು ಪೂರ್ತಿ ತೆಗೆಯುವುದೇ ಆಗಬೇಕಲ್ಲವೇ ಎಂದು ಪೆನ್ಸಿಲ್ವೇನಿಯಾದ ಪ್ಯಾಟ್ ಟೂಮಿ ಕೇಳಿದರು. ಐದೋ ಹತ್ತೋ ವರ್ಷಗಳ ಹಿಂದಾಗಿದ್ದರೆ ಹೌದು ಎನ್ನುತ್ತಿದ್ದೆ, ಈಗ ಅಷ್ಟು ಸುಲಭವಾಗಿ ಹೇಳಲಾರೆ ಎಂಬ ಅರ್ಥದಲ್ಲಿ ಟೈ ಉತ್ತರಿಸಿದರು. ಮನೆಯಲ್ಲಿ ಒಬ್ಬನೇ ಕುಳಿತಿದ್ದವನು ಎದ್ದು ನಿಂತೆ. ಆ ಕುರ್ಚಿಗೆ ಬರುವವರ ಬಾಯಿಂದ ಅಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾರ್ಚ್ 17ರಂದು ಸೆನೆಟ್ 98–0 ಮತಗಳಿಂದ ಒಪ್ಪಿತು. 'ಎದುರಿಗೆ ಒಂದು ಮತವೂ ಇಲ್ಲ, ಇಷ್ಟು ಕರೆ ಏಕೆ ಬೇಕಿತ್ತು?' ಎಂದು ಕೆಲವರು ಕೇಳಿದರು. ಗೆಲ್ಲಿಸಿದವರು ನಾವೇ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಕಚೇರಿಗಳಲ್ಲಿ ನಮ್ಮ ಕಾರ್ಖಾನೆಯ ಹೆಸರು ಗೊತ್ತಾಯಿತು. ಆ ಏಪ್ರಿಲ್‌ನಲ್ಲಿ ಬೇರೆ ವಿಷಯಕ್ಕೆ ಫೋನ್ ಮಾಡಿದಾಗ ಅದೇ ಹುಡುಗಿ 'ಗೇಜುಗಳ ಪೆಟ್ಟಿಗೆಯವರಾ?' ಎಂದಳು.

ಮೇ 12ರಂದು ಟೈ ಅವರ ಕಚೇರಿ ಮೆಕ್ಸಿಕೋದ ಸಿಲಾವೋದಲ್ಲಿರುವ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಹಳೆಯ ವೇತನ ಒಪ್ಪಂದದ ಮೇಲೆ ನಡೆದ ಕಾರ್ಮಿಕರ ಮತದಾನವನ್ನು ಪರಿಶೀಲಿಸುವಂತೆ ಮೆಕ್ಸಿಕೋ ಸರ್ಕಾರವನ್ನು ಕೇಳಿತು. ಆಗಸ್ಟ್‌ನಲ್ಲಿ ಮತ್ತೆ ನಡೆದ ಮತದಾನದಲ್ಲಿ ಅಲ್ಲಿನ ಕಾರ್ಮಿಕರು ಆ ಒಪ್ಪಂದವನ್ನು ತಿರಸ್ಕರಿಸಿದರು: ವಿರುದ್ಧ 3,214, ಪರ 2,623. 2022ರ ಫೆಬ್ರವರಿಯಲ್ಲಿ ಸಿಂಟಿಯಾ ಎಂಬ ಸ್ವತಂತ್ರ ಯೂನಿಯನ್ ಗೆದ್ದಿತು. ಮೇ ತಿಂಗಳಲ್ಲಿ ಶೇ 8.5ರ ವೇತನ ಹೆಚ್ಚಳಕ್ಕೆ ಒಪ್ಪಂದವಾಯಿತು. ಸುದ್ದಿ ಹೇಳಲು ಪ್ರೆಸ್ ವಿಭಾಗಕ್ಕೆ ಹೋದೆ. ಆ ಹಿರಿಯರು ಯಂತ್ರ ನಿಲ್ಲಿಸಿ, ಕಿವಿಯ ಬಿರಡೆ ತೆಗೆದು, ಆ ಅಂಕಿಯನ್ನು ಇನ್ನೊಮ್ಮೆ ಹೇಳಿಸಿಕೊಂಡರು.