ನೇಟಿವ್ ಬಿಡುವುದೆಲ್ಲಿ, ಕಂಪನಿಯ ವಿನ್ಯಾಸ ತರುವುದೆಲ್ಲಿ

ಮೆಟ್ರೋ ಟಿಕೆಟ್ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಕೀಬೋರ್ಡ್, ದಿನಾಂಕದ ಪಟ್ಟಿ, ಹಿಂದಕ್ಕೆ ಹೋಗುವ ಸ್ವೈಪ್ ಇವನ್ನು ಆ್ಯಂಡ್ರಾಯ್ಡ್, ಐಓಎಸ್ ಕೊಟ್ಟಂತೆಯೇ, ಅಂದರೆ ನೇಟಿವ್ ಆಗಿಯೇ, ಬಿಡಿ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರ ಹೆಬ್ಬೆರಳಿಗೆ ಅವೇ ರೂಢಿ. ಕಂಪನಿಯ ಗುರುತು ಬಣ್ಣ, ಫಾಂಟ್, ಐಕಾನ್‌ಗಳಲ್ಲಿ ಕಾಣಲಿ.

ಸ್ವಂತ ಬಟನ್ ಬರೆದರೆ ಒತ್ತುವ ಜಾಗ ಐಓಎಸ್‌ನಲ್ಲಿ 44 ಪಾಯಿಂಟ್, ಆ್ಯಂಡ್ರಾಯ್ಡ್‌ನಲ್ಲಿ 48 ಡಿಪಿಗಿಂತ ಕಡಿಮೆ ಬೇಡ (ಎರಡೂ ಪರದೆಯ ಮೇಲಿನ ಅಳತೆಯ ಮಾನಗಳು). ಅದು ಬಟನ್ ಎಂದು, ಪರದೆಯನ್ನು ಓದಿಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್‌ಗೆ ತಿಳಿಸುವ ಹೊಣೆಯೂ ನಿಮ್ಮದೇ. ಮರೆತರೆ ಕಣ್ಣು ಕಾಣದವರು ಟಿಕೆಟ್ ಕೊಳ್ಳಲಾರರು.

ಕನ್ನಡಕ್ಕೆ ವಿಶೇಷ ಎಚ್ಚರ ಬೇಕು. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಬಿಗಿದರೆ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಎತ್ತರ ಕಟ್ಟಿಹಾಕದೆ ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಖಾಲಿ ಜಾಗ, ಕೊಡಿ. ಫೋನಿನ ಅಕ್ಷರಗಾತ್ರವನ್ನು ಗರಿಷ್ಠಕ್ಕೇರಿಸಿ ‘ರಾಷ್ಟ್ರೀಯ ವಿದ್ಯಾಲಯ ರಸ್ತೆ’ ಎಂಬ ನಿಲ್ದಾಣದ ಹೆಸರು ಹಾಕಿ ನೋಡಿ. ಎರಡು ಸಾಲಾದರೂ ಸರಿ, ‘ಷ್ಟ್ರ’ ಪೂರ್ತಿ ಕಾಣಬೇಕು.