ಸಾಂಟಾ ಎಲೆನಾ ಕಣಿವೆಗೆ ಅಪ್ಪ ಮತ್ತು ಮಗಳ ಜೊತೆ

ಟೆಕ್ಸಾಸ್‌ನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ಮಾರ್ಚ್ ತಿಂಗಳಲ್ಲಿ ಹೊರಟಾಗ ಜೊತೆಯಲ್ಲಿ ಎಪ್ಪತ್ತು ದಾಟಿದ ಅಪ್ಪ, ಆರು ವರ್ಷದ ಮಗಳು ಇದ್ದರು. ವಸಂತವೆಂದರೆ ತಂಪು ಎಂಬ ಮಾತು ಈ ಉದ್ಯಾನವಿರುವ ಚಿವಾವಾ ಮರುಭೂಮಿಗೆ ಹೊಂದುವುದಿಲ್ಲ. ರಿಯೋ ಗ್ರಾಂಡೆ ನದಿಯ ತಗ್ಗಿನಲ್ಲಿ ಮಾರ್ಚ್‌ನಲ್ಲೇ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ. ಹಾಗಾಗಿ ನೆರಳು ಯಾವಾಗ ಎಲ್ಲಿರುತ್ತದೆ ಎಂದು ನೋಡಿಕೊಂಡೇ ದಿನವನ್ನು ಹೊಂದಿಸಿದೆ.

ನಾವು ನೋಡಹೊರಟ ಸಾಂಟಾ ಎಲೆನಾ ಕಣಿವೆಯ ಬಾಯಿ ಇರುವುದು ಪೂರ್ವದ ಕಡೆಗೆ. ಬೆಳಗಿನ ಬಿಸಿಲು ನೇರವಾಗಿ ಬಂಡೆಗೆ ಬಡಿಯುತ್ತದೆ. ಸಂಜೆಯಾಗುತ್ತಾ ಸೂರ್ಯ ಆ ಬಂಡೆಯ ಹಿಂದೆ ಸರಿಯುತ್ತಾನೆ. ಫೋಟೋಗೆ ಬೆಳಿಗ್ಗೆ ಚೆನ್ನ, ಅಪ್ಪನಿಗೆ ಸಂಜೆ ಚೆನ್ನ. ನಾನು ಸಂಜೆಯನ್ನೇ ಆರಿಸಿಕೊಂಡೆ. ಕಡುಬೇಸಿಗೆಯಲ್ಲಾದರೆ ಈ ಲೆಕ್ಕ ನಡೆಯುವುದಿಲ್ಲ, ಆಗ ಸಂಜೆಯೂ ಕಾದ ಕಾವಲಿಯೇ.

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಬೇಕೆಂದು ಉದ್ಯಾನದವರು ಹೇಳುತ್ತಾರೆ. ಮೂವರಿಗೆ ಐದು ಗ್ಯಾಲನ್ ತುಂಬಿಕೊಂಡೆ. ಪ್ಯಾಂಥರ್ ಜಂಕ್ಷನ್‌ನಲ್ಲಿ ಪೆಟ್ರೋಲ್ ಹಾಕಿಸಿ, ನಕ್ಷೆಯನ್ನು ಮೊಬೈಲ್‌ನಲ್ಲಿ ಮೊದಲೇ ಇಳಿಸಿಕೊಂಡೆ. ಮುಂದೆ ಸಿಗ್ನಲ್ ನಂಬುವಂತಿಲ್ಲ. ಕಣಿವೆಯತ್ತ ಹೋಗುವ ರಾಸ್ ಮ್ಯಾಕ್ಸ್‌ವೆಲ್ ರಸ್ತೆ 30 ಮೈಲಿ, ಪೂರ್ತಿ ಡಾಂಬರು. ಅಂಚಿನಲ್ಲಿ ಮಗಳ ಸೊಂಟದೆತ್ತರಕ್ಕೆ ಬೆಳೆದು ನಿಂತ ಬ್ಲೂಬಾನೆಟ್ ಹೂಗಳು.

ಊಟಕ್ಕೆ ಕ್ಯಾಸ್ಟೋಲನ್ ಬಳಿಯ ಕಾಟನ್‌ವುಡ್ ಮರಗಳ ಕೆಳಗೆ ಚಾಪೆ ಹಾಸಿದೆವು. ಈ ಎಲೆಯ ತೊಟ್ಟು ಚಪ್ಪಟೆ, ಹಾಗಾಗಿ ತುಸು ಗಾಳಿಗೂ ಎಲೆಗಳು ಪಟಪಟನೆ ಅಲುಗುತ್ತವೆ. ಅಪ್ಪ ಕಣ್ಣು ಮುಚ್ಚಿಕೊಂಡು, "ನಮ್ಮ ಅರಳಿಕಟ್ಟೆಯ ಸದ್ದು" ಎಂದರು. ಚಪಾತಿ, ಉಪ್ಪು ಹಾಕಿದ ಕಡಲೆಬೀಜ, ಕಿತ್ತಳೆ: ಬಿಸಿಲಲ್ಲಿ ಕೆಡದ, ಕೈತೊಳೆಯಲು ನೀರು ಕೇಳದ ಊಟ. ಮೂರೂವರೆಯವರೆಗೆ ಅಲ್ಲಿಂದ ಕದಲಲಿಲ್ಲ. ಇಡೀ ದಿನದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ.

ಕಣಿವೆಯ ದಾರಿ ಹೋಗಿಬರಲು 1.7 ಮೈಲಿಯಷ್ಟೇ. ಆದರೆ ಮೊದಲೇ ಟರ್ಲಿಂಗ್ವಾ ಹಳ್ಳವನ್ನು ದಾಟಬೇಕು. ನೀರು ಹರಿಯುತ್ತಿರಲಿಲ್ಲ, ಒಣಗಿ ಬಿರುಕು ಬಿಟ್ಟ ಕೆಸರು ಗಟ್ಟಿಯಾಗಿದೆ ಎಂದುಕೊಂಡು ಮಗಳನ್ನು ಮುಂದೆ ಬಿಟ್ಟೆ. ಮೂರನೇ ಹೆಜ್ಜೆಗೆ ಮೊಣಕಾಲವರೆಗೆ ಹೂತಳು. ಎತ್ತಿದರೆ ಕಾಲು ಬಂತು, ಶೂ ಬರಲಿಲ್ಲ. ಮೊಳಕೈ ಮುಳುಗುವಷ್ಟು ಕೈ ಹಾಕಿ ತೆಗೆಯಬೇಕಾಯಿತು. ಆಮೇಲೆ ಕೋಲಿನಿಂದ ಒತ್ತಿ ನೋಡುತ್ತಾ, ಕಲ್ಲು ಇದ್ದಲ್ಲೇ ಕಾಲಿಟ್ಟೆವು. ಹೆಚ್ಚು ಹರಿವಿದ್ದರೆ ಹಿಂದಿರುಗುವುದೇ ಸರಿ.

ಆಚೆ ಅಂಕುಡೊಂಕಾದ ಏರು. ಅಪ್ಪ ಪ್ರತಿ ತಿರುವಿನಲ್ಲೂ ನಿಂತು ನೀರು ಕುಡಿದರು, ನಾವೂ ನಿಂತೆವು. ಮೇಲಿಂದ ಮತ್ತೆ ನದಿಯ ದಡಕ್ಕೆ ಇಳಿದರೆ, ಎರಡೂ ಕಡೆ 1,500 ಅಡಿಯ ಸುಣ್ಣಕಲ್ಲಿನ ಗೋಡೆ. ಇತ್ತ ಅಮೆರಿಕ, ಅತ್ತ ಮೆಕ್ಸಿಕೊ, ನಡುವೆ ಹಸಿರು ಬಣ್ಣದ ನಿಧಾನ ನೀರು. ಬಂಡೆ ನೀರಿಗೆ ಮುಟ್ಟಿದಲ್ಲಿ ದಾರಿ ಮುಗಿಯುತ್ತದೆ. ಅಲ್ಲಿಗೆ ತಲುಪುವ ಮೊದಲೇ ಅಪ್ಪ ಒಂದು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಅದರೊಳಗೆ ಒಂದು ಚಿಪ್ಪಿನ ಗುರುತು. ಮಗಳ ಬೆರಳು ಹಿಡಿದು ಅದರ ಗೀರುಗಳ ಮೇಲೆ ಆಡಿಸುತ್ತಾ, ಇಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂದು ಹೇಳುತ್ತಿದ್ದರು. ಅವಳು ಕೆಸರಿನ ಶೂವನ್ನೂ ಮರೆತು ಮುಂದಿನ ಚಿಪ್ಪನ್ನು ಹುಡುಕಲು ಓಡಿದಳು.